ಮೂರು ಯಂತ್ರ, ಮೂರು ಆ್ಯಕ್ಸಿಸ್: ಮುಲುಂಡಿನ ಒಂದು ಪೊರೆ ಆಪರೇಶನ್ನಿನ ಕತೆ

ಒಂದು ಯಂತ್ರದಲ್ಲಿ 3 ಡಿಗ್ರಿ. ಇನ್ನೊಂದರಲ್ಲಿ 12. ಮೂರನೆಯದರಲ್ಲಿ 173. ಒಬ್ಬರೇ ಮನುಷ್ಯ, ಅದೇ ಬಲಗಣ್ಣು, ಹತ್ತು ದಿನದೊಳಗೆ ತೆಗೆದ ಮೂರು ಅಳತೆ. ಆಪರೇಶನ್ನಿಗೆ ದಿನ ಗೊತ್ತಾಗಿದೆ. ಲೆನ್ಸ್ ಆರ್ಡರ್ ಹಾಕಬೇಕು. ಫಾರ್ಮಿನಲ್ಲಿ ಆ್ಯಕ್ಸಿಸ್ (ಲೆನ್ಸ್ ಕೂರಿಸುವ ದಿಕ್ಕು) ಅಂತ ಇರುವ ಜಾಗದಲ್ಲಿ ಯಾವ ಅಂಕೆ ಬರೆಯುವುದು?

ನಾನು ಮುಂಬೈಯ ಮುಲುಂಡ್ ಪಶ್ಚಿಮದ ಒಂದು ಸಣ್ಣ ಕಣ್ಣಿನ ಕ್ಲಿನಿಕ್ಕಿನಲ್ಲಿ ಆಪ್ಟೋಮೆಟ್ರಿಸ್ಟ್. ಆಪರೇಶನ್ ಮಾಡುವವರು ನಮ್ಮ ಮೇಡಮ್, ಅಳತೆ ತೆಗೆಯುವವಳು ನಾನು. ಪೇಶಂಟ್ ಬಗ್ಗೆ ಬರೆಯಲು ಅವರನ್ನೇ ಕೇಳಿದ್ದೇನೆ. "ಬರಿ ಮಾರಾಯ್ತಿ, ಹೆಸರು ಮಾತ್ರ ಹಾಕ್ಬೇಡ, ಹೋಟೆಲಿಗೆ ಬಂದವರೆಲ್ಲ ಕಣ್ಣನ್ನೇ ನೋಡ್ತಾರೆ" ಅಂದರು. ಹಾಗಾಗಿ ಇಲ್ಲಿ ಅವರು ಬರೀ ಶೆಟ್ರು.

ಶೆಟ್ರಿಗೆ 71 ವರ್ಷ. ಹುಡುಗನಾಗಿದ್ದಾಗ ಕುಂದಾಪುರದ ಕಡೆಯಿಂದ ಬಂದು ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಆಮೇಲೆ ಸ್ವಂತ ಹೋಟೆಲ್. ಗಲ್ಲಾದ ಮೇಲೆ ನಲವತ್ತು ವರ್ಷ ಕೂತವರು. ಈಗ ಮಗ ನೋಡಿಕೊಳ್ಳುತ್ತಾನೆ, ಆದರೆ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಗಲ್ಲಾ ಇವರದ್ದೇ. ಕ್ಲಿನಿಕ್ಕಿಗೆ ಡೊಂಬಿವಲಿಯಿಂದ ಮಗಳ ಜೊತೆ ಲೋಕಲ್ ಟ್ರೇನಿನಲ್ಲಿ ಬಂದಿದ್ದರು.

"ಐನೂರರ ನೋಟು ಯಾವುದು ಇನ್ನೂರರದು ಯಾವುದು ಅಂತ ಗೊತ್ತಾಗ್ತಿಲ್ಲ. ಮೋತಿಬಿಂದು ಅಂತ ಹೇಳಿದ್ರು." ಮುಂಬೈಯಲ್ಲಿ ನಮ್ಮವರೂ ಪೊರೆ ಅನ್ನುವುದಿಲ್ಲ, ಮೋತಿಬಿಂದು ಅಂತಲೇ ಹೇಳುವುದು. ಬಲಗಣ್ಣಿನ ದೃಷ್ಟಿ 6/24 (ಸರಿಯಾದ ದೃಷ್ಟಿ ಅಂದರೆ 6/6). ಎಡಗಣ್ಣು 6/12. ಎರಡರಲ್ಲೂ ಪೊರೆ ಇತ್ತು, ಬಲಗಡೆ ಜಾಸ್ತಿ ಗಟ್ಟಿ. ನರ, ಪರದೆ ಎಲ್ಲ ಚೆನ್ನಾಗಿದ್ದವು.

ಇಲ್ಲಿಯವರೆಗೆ ದಿನಾ ಕಾಣುವ ಕೇಸು. ತೊಡಕು ಇದ್ದದ್ದು ಸಿಲಿಂಡರ್ ನಂಬರಿನಲ್ಲಿ.

ಸಿಲಿಂಡರ್ ಯಾಕೆ ತೊಡಕು

ಕಣ್ಣಿನ ಮುಂದಿನ ಗಾಜಿನಂಥ ಪದರ, ಕಾರ್ನಿಯಾ, ಎಲ್ಲ ಕಡೆ ಒಂದೇ ಥರ ಬಾಗಿದ್ದರೆ ಸಿಲಿಂಡರ್ ಇರುವುದಿಲ್ಲ. ಒಂದು ದಿಕ್ಕಿನಲ್ಲಿ ಜಾಸ್ತಿ ಬಾಗಿ, ಅಡ್ಡ ದಿಕ್ಕಿನಲ್ಲಿ ಕಡಿಮೆ ಬಾಗಿದ್ದರೆ ಬೆಳಕು ಒಂದೇ ಕಡೆ ಕೂಡುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಮೇಲೆ ಕೆಳಗಿನ ದಿಕ್ಕು ಜಾಸ್ತಿ ಬಾಗಿರುವುದು ಸಾಮಾನ್ಯ. ವಯಸ್ಸಾದಂತೆ ಅದು ಅಡ್ಡಕ್ಕೆ ತಿರುಗುತ್ತದೆ. ಶೆಟ್ರದ್ದು ಹಾಗೆ ತಿರುಗಿದ್ದು. ಸುಮಾರು 2 ಡಯಾಪ್ಟರ್ (ಕನ್ನಡಕದ ನಂಬರು ಹೇಳುವುದೂ ಇದೇ ಅಳತೆಯಲ್ಲಿ), ಸಣ್ಣದಲ್ಲ.

ಪೊರೆ ತೆಗೆದು ಸಾದಾ ಲೆನ್ಸ್ ಹಾಕಿದರೆ ಈ ಸಿಲಿಂಡರ್ ಹಾಗೇ ಉಳಿಯುತ್ತದೆ, ದೂರಕ್ಕೂ ಕನ್ನಡಕ ಬೇಕು. ಟೋರಿಕ್ ಲೆನ್ಸ್ ಹಾಕಿದರೆ ಲೆನ್ಸೇ ಅದನ್ನು ಸರಿಮಾಡುತ್ತದೆ. ಆದರೆ ಅದನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಕೂರಿಸಬೇಕು. ಒಂದು ಡಿಗ್ರಿ ತಪ್ಪಿದರೆ ಸುಮಾರು 3.3 ಪರ್ಸೆಂಟ್ ಲಾಭ ಹೋಯಿತು. ಹತ್ತು ಡಿಗ್ರಿ ತಪ್ಪಿದರೆ ಮೂರನೇ ಒಂದು ಪಾಲು. ಮೂವತ್ತು ಡಿಗ್ರಿ ತಪ್ಪಿದರೆ ಟೋರಿಕ್ ಹಾಕಿಯೂ ಹಾಕದಂತೆ. ಅದಕ್ಕಿಂತ ಮುಂದೆ ಹೋದರೆ ಇದ್ದ ಸಿಲಿಂಡರ್ ಇನ್ನೂ ಏರುತ್ತದೆ.

ಶೆಟ್ರ ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಲೆಕ್ಕ ಕೇಳಿದವಳೇ ನನ್ನ ಕೈಯಲ್ಲಿದ್ದ ಮೂರು ಪ್ರಿಂಟ್ ನೋಡಿ ಹೇಳಿದಳು: "ಅಕ್ಕಾ, ಸರಾಸರಿ ತೆಗೆದ್ರೆ ಆಗಲ್ವಾ?"

ಆಗುವುದಿಲ್ಲ. ಆ್ಯಕ್ಸಿಸ್ 180ಕ್ಕೆ ಬಂದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 173 ಮತ್ತು 3ರ ನಡುವೆ ಇರುವುದು ಹತ್ತೇ ಡಿಗ್ರಿ. ಕೂಡಿಸಿ ಎರಡರಿಂದ ಭಾಗಿಸಿದರೆ ಬರುವುದು 88. ಅಡ್ಡ ಇರಬೇಕಾದ ಲೆನ್ಸು ನೆಟ್ಟಗೆ ನಿಲ್ಲುತ್ತದೆ. ಶೆಟ್ರ 2 ಡಯಾಪ್ಟರ್ ಆಗ ಹತ್ತಿರ ಹತ್ತಿರ 4 ಆಗುತ್ತದೆ. ನಗಬೇಡಿ, ಅವಸರದಲ್ಲಿ ಎಕ್ಸೆಲ್ ಶೀಟಿಗೆ ಅಂಕೆ ತುಂಬುವಾಗ ಇಂಥದ್ದು ಕಣ್ತಪ್ಪಿ ಹೋಗುವುದು ಕಷ್ಟವೇನಲ್ಲ. ಸರಿಯಾಗಿ ಸರಾಸರಿ ತೆಗೆಯುವ ದಾರಿ ಇದೆ, ದಿಕ್ಕನ್ನೂ ಸೇರಿಸಿ ಕೂಡಿಸುವ ವೆಕ್ಟರ್ ಲೆಕ್ಕ. ಆದರೆ ಮೂರರಲ್ಲಿ ಎರಡು ಅಳತೆ ತಪ್ಪಾಗಿದ್ದರೆ ವೆಕ್ಟರ್ ಲೆಕ್ಕವೂ ತಪ್ಪನ್ನೇ ಅಂದವಾಗಿ ಕೊಡುತ್ತದೆ.

ಯಂತ್ರಗಳು ಏನು ನೋಡುತ್ತವೆ

ನಮ್ಮಲ್ಲಿ ಇರುವುದು ಎರಡು. ಒಂದು ಆಟೋ ಕೆರಟೋಮೀಟರ್, ಕಾರ್ನಿಯಾದ ಬಾಗು ಅಳೆಯುವುದು, ಕನ್ನಡಕದ ಅಂಗಡಿಯಲ್ಲೂ ಇರುವಂಥದ್ದು. ಇನ್ನೊಂದು ಆಪ್ಟಿಕಲ್ ಬಯೋಮೀಟರ್. ಇದು ಕಣ್ಣಿನ ಉದ್ದವನ್ನು ಬೆಳಕಿನಿಂದ ಅಳೆಯುತ್ತದೆ, ಜೊತೆಗೆ ಕಾರ್ನಿಯಾದ ಬಾಗನ್ನೂ ಕೊಡುತ್ತದೆ. ಈ ಜಾತಿಯ ಮೊದಲ ಯಂತ್ರ, ಜೈಸ್ ಕಂಪನಿಯ ಐಒಎಲ್ ಮಾಸ್ಟರ್, 1999ರಲ್ಲಿ ಬಂತು. ಅದಕ್ಕೆ ಮೊದಲು ಕಣ್ಣಿನ ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ತಾಗಿಸಿ ಉದ್ದ ಅಳೆಯುತ್ತಿದ್ದರು. ಮೂರನೆಯ ಅಳತೆ ಠಾಣೆಯ ಒಂದು ಡಯಾಗ್ನೋಸ್ಟಿಕ್ ಸೆಂಟರಿನದ್ದು. ಅದು ಷೈಂಪ್‌ಫ್ಲೂಗ್ ಕ್ಯಾಮೆರಾ. ಹೆಸರು ಆಸ್ಟ್ರಿಯಾದ ಸೈನ್ಯಾಧಿಕಾರಿ ಥಿಯೋಡರ್ ಷೈಂಪ್‌ಫ್ಲೂಗ್‌ನದ್ದು. ಆತ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಆಕಾಶದಿಂದ ತೆಗೆದ ನೆಲದ ಫೋಟೋಗಳ ಓರೆಯನ್ನು ಸರಿಮಾಡಲು ಯೋಚಿಸಿದ ತತ್ವವೇ ಇಂದು ಕಾರ್ನಿಯಾದ ಹಿಂಭಾಗವನ್ನು ಚಿತ್ರ ತೆಗೆಯುತ್ತದೆ. ಓರೆ ಸರಿಮಾಡಲು ಹುಟ್ಟಿದ ತತ್ವ ಅನ್ನುವುದು ಈ ಕೇಸಿನ ಮಟ್ಟಿಗೆ ಸ್ವಲ್ಪ ತಮಾಷೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಈ ಹಿಂಭಾಗದ ಚಿತ್ರಕ್ಕಾಗಿಯೇ ನಾವು ಠಾಣೆಗೆ ಕಳಿಸುವುದು. ಕಾರ್ನಿಯಾದ ಹಿಂಬದಿಯಲ್ಲೂ ಸಣ್ಣ ಸಿಲಿಂಡರ್ ಇರುತ್ತದೆ, ಸರಾಸರಿ 0.3 ಡಯಾಪ್ಟರ್ ಆಸುಪಾಸು. ಮುಂಭಾಗ ಅಡ್ಡಕ್ಕೆ ಬಾಗಿರುವವರಲ್ಲಿ ಅದು ಸೇರಿಕೊಂಡು ಒಟ್ಟು ಸಿಲಿಂಡರ್ ಏರುತ್ತದೆ. ನೆಟ್ಟಗೆ ಬಾಗಿರುವವರಲ್ಲಿ ಇಳಿಯುತ್ತದೆ. ಅಮೆರಿಕದ ಕಣ್ಣಿನ ಡಾಕ್ಟರ್ ಡಗ್ಲಸ್ ಕಾಕ್ ಮತ್ತವರ ಜೊತೆಗಾರರು 2012ರಲ್ಲಿ ಇದನ್ನು ಅಳೆದು ತೋರಿಸಿದ ಮೇಲೆ ಟೋರಿಕ್ ಲೆಕ್ಕ ಹಾಕುವ ರೀತಿಯೇ ಬದಲಾಯಿತು. ಶೆಟ್ರಂಥವರಿಗೆ ಮುಂಭಾಗ ಮಾತ್ರ ನಂಬಿ ಲೆನ್ಸ್ ಹಾಕಿದರೆ ಸ್ವಲ್ಪ ಕಮ್ಮಿ ಬೀಳುತ್ತದೆ.

ಮೂರೂ ಯಂತ್ರಗಳು ಕಾರ್ನಿಯಾದ ಒಂದೇ ಜಾಗವನ್ನು ನೋಡುವುದೂ ಇಲ್ಲ. ಕೆಲವು ಬೆಳಕಿನ ಚುಕ್ಕೆಗಳನ್ನು ಬಿಟ್ಟು ಅವು ಹೇಗೆ ಮರಳುತ್ತವೆ ಅಂತ ನೋಡುತ್ತವೆ. ಐಒಎಲ್ ಮಾಸ್ಟರ್ 700ರಲ್ಲಿ 18 ಚುಕ್ಕೆ, ಇನ್ನೊಂದು ಕಂಪನಿಯ ಬಯೋಮೀಟರ್ ಲೆನ್‌ಸ್ಟಾರ್‌ನಲ್ಲಿ ಎರಡು ಸುತ್ತಿನಲ್ಲಿ 32. ಕ್ಯಾಮೆರಾ ಸಾವಿರಾರು ಬಿಂದು ತೆಗೆದುಕೊಳ್ಳುತ್ತದೆ. ಹಾಗಾಗಿ ಎರಡು ಮೂರು ಡಿಗ್ರಿ ಹೆಚ್ಚುಕಮ್ಮಿ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತೊಂಬತ್ತು ಡಿಗ್ರಿ ಹರವು ಅಂದರೆ ಮಾತು ಬೇರೆ.

ಎಡಗಣ್ಣು ಕೊಟ್ಟ ಸುಳಿವು

ಮೇಡಮ್ ಹೇಳಿದ್ದು ಒಂದೇ ಮಾತು, ಮರಾಠಿಯಲ್ಲಿ: ಆಪರೇಶನ್ ಮುಂದಕ್ಕೆ ಹಾಕು, ಮೊದಲು ಯಾಕೆ ಹೀಗೆ ಅಂತ ಹುಡುಕು.

ಬಲಗಣ್ಣಿನ ಮೂರು ಅಂಕೆಯನ್ನೇ ನೋಡಿ ನೋಡಿ ಏನೂ ಹೊಳೆಯಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಾಗ ಎಡಗಣ್ಣಿನದ್ದನ್ನೂ ಪಕ್ಕದಲ್ಲಿ ಬರೆದೆ. ಎಡಗಣ್ಣಿಗೆ ಈಗ ಆಪರೇಶನ್ ಇಲ್ಲ, ಯಾರೂ ಅದರ ಕಡೆ ಗಮನ ಕೊಟ್ಟಿರಲಿಲ್ಲ.

ಆಟೋ ಕೆರಟೋಮೀಟರ್: ಬಲ 3, ಎಡ 172.
ಬಯೋಮೀಟರ್: ಬಲ 12, ಎಡ 171.
ಠಾಣೆಯ ಕ್ಯಾಮೆರಾ: ಬಲ 173, ಎಡ 162.

ಕ್ಯಾಮೆರಾದ ಸಾಲು ನೋಡಿ. ಆಟೋ ಕೆರಟೋಮೀಟರಿಗೆ ಹೋಲಿಸಿದರೆ ಬಲಗಣ್ಣು ಹತ್ತು ಡಿಗ್ರಿ ಹಿಂದೆ. ಎಡಗಣ್ಣೂ ಹತ್ತು ಡಿಗ್ರಿ ಹಿಂದೆ. ಎರಡೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ. ಎರಡು ಕಾರ್ನಿಯಾಗಳು ಮಾತಾಡಿಕೊಂಡು ಹೀಗೆ ತಿರುಗುವುದಿಲ್ಲ. ತಿರುಗಿದ್ದು ಅವೆರಡನ್ನೂ ಹೊತ್ತುಕೊಂಡಿರುವ ತಲೆ.

ಬಯೋಮೀಟರಿನ ಸಾಲು ಬೇರೆ ಕತೆ ಹೇಳುತ್ತದೆ. ಅಲ್ಲಿ ಎಡಗಣ್ಣು ಸರಿಯಾಗಿದೆ, ಬಲಗಣ್ಣು ಮಾತ್ರ ಹಾರಿದೆ. ಅಂದರೆ ಅಲ್ಲಿ ತಲೆಯ ತಪ್ಪಿಲ್ಲ, ಬಲಗಣ್ಣಿನಲ್ಲೇ ಏನೋ ಇದೆ.

ಒಂದು ಹಗ್ಗ ಅಂದುಕೊಂಡಿದ್ದು ಎರಡು ಹಗ್ಗದ ಗಂಟು. ಇಷ್ಟು ಗೊತ್ತಾದ ಮೇಲೆ ಅನ್ನ ಸಾರು ರುಚಿಯಾಯಿತು ಅನ್ನಿ.

ಗಲ್ಲಾದ ಮೇಲಿನ ಫೋನು

ಶೆಟ್ರನ್ನು ಮತ್ತೆ ಕರೆಸಿದೆ. ಸ್ಲಿಟ್ ಲ್ಯಾಂಪಿನ (ತೆಳು ಬೆಳಕು ಬಿಟ್ಟು ಕಣ್ಣನ್ನು ದೊಡ್ಡದಾಗಿ ನೋಡುವ ಯಂತ್ರ) ಮುಂದೆ ಕೂರಿಸಿ, "ಗಲ್ಲ ಇಲ್ಲಿ ಇಡಿ, ಹಣೆ ಪಟ್ಟಿಗೆ ತಾಗಿಸಿ" ಅಂತ ಹೇಳಿ ಸುಮ್ನೆ ಕೈ ಕಟ್ಟಿ ನಿಂತೆ. ಮುಟ್ಟಲಿಲ್ಲ.

ಸ್ಲಿಟ್ ಲ್ಯಾಂಪಿನ ಎರಡು ಕಂಬದ ಮೇಲೂ ಒಂದೊಂದು ಗೆರೆ ಇರುತ್ತದೆ. ಕಣ್ಣಿನ ಹೊರಮೂಲೆ ಆ ಗೆರೆಗೆ ಸರಿಯಾಗಿ ಬರಬೇಕು. ಶೆಟ್ರ ಬಲಗಣ್ಣಿನ ಮೂಲೆ ಗೆರೆಗಿಂತ ಮೇಲೆ ಇತ್ತು. ಎಡಗಣ್ಣಿನದು ಕೆಳಗೆ. ಎರಡರ ನಡುವೆ ಸ್ಕೇಲ್ ಹಿಡಿದು ನೋಡಿದರೆ ಎತ್ತರದ ವ್ಯತ್ಯಾಸ ಒಂದೂವರೆ ಸೆಂಟಿಮೀಟರಿಗೂ ಒಂದು ಚೂರು ಹೆಚ್ಚು. ಮುಖದ ಅಗಲ ಲೆಕ್ಕ ಹಾಕಿದರೆ ಅದು ಹತ್ತು ಡಿಗ್ರಿಯ ಓರೆ. ತಲೆ ಎಡ ಭುಜದ ಕಡೆಗೆ ವಾಲಿತ್ತು. ಎದುರು ಕೂತವರಿಗೆ ಅದು ಗಡಿಯಾರದ ಮುಳ್ಳಿನ ದಿಕ್ಕಿನ ತಿರುವು. ಆ್ಯಕ್ಸಿಸ್ ಎಣಿಸುವುದು ಅದರ ಎದುರು ದಿಕ್ಕಿಗೆ. ಹಾಗಾಗಿ ಎರಡೂ ಕಣ್ಣಿನ ಅಂಕೆ ಇಳಿಯಲೇಬೇಕು. ಇಳಿದಿತ್ತು. ತಲೆ ವಾಲಿದಾಗ ಕಣ್ಣು ತಾನಾಗಿ ತುಸು ಎದುರು ದಿಕ್ಕಿಗೆ ತಿರುಗಿ ಸರಿಮಾಡಿಕೊಳ್ಳುತ್ತದೆ, ಆದರೆ ಅದು ಬಹಳ ಕಡಿಮೆ, ಓರೆಯನ್ನು ತುಂಬುವಷ್ಟಲ್ಲ.

"ಶೆಟ್ರೇ, ಕುತ್ತಿಗೆ ನೋವಿದೆಯಾ?"

"ಇಲ್ಲ. ಎಂತಕ್ಕೆ?"

"ತಲೆ ಓರೆಯಾಗಿದೆ."

"ಎಂತ ಓರೆ? ನೆಟ್ಟಗೇ ಕೂತಿದ್ದೇನಲ್ಲ ಮಾರಾಯ್ತಿ!"

ಅವರ ಮಟ್ಟಿಗೆ ಅದೇ ನೆಟ್ಟಗೆ. ಮಗಳು ನಗಲು ಶುರು ಮಾಡಿದಳು. ಗಲ್ಲಾದ ಮೇಲೆ ಕೂತು ಬಲಗೈಯಲ್ಲಿ ಬಿಲ್ಲು ಬರೆಯುತ್ತಾ, ಪಾರ್ಸಲ್ ಆರ್ಡರಿನ ಫೋನನ್ನು ಎಡ ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ನಲವತ್ತು ವರ್ಷ. ಮೊದಲು ಕಪ್ಪು ರಿಸೀವರ್, ಆಮೇಲೆ ಮೊಬೈಲು. ಫೋನ್ ಇಲ್ಲದಾಗಲೂ ತಲೆ ಅಲ್ಲೇ ಹೋಗಿ ನಿಲ್ಲುತ್ತದೆ.

ನಮ್ಮ ಕ್ಲಿನಿಕ್ಕಿನಲ್ಲಿ ಮೊದಲ ದಿನ ಇದು ಯಾಕೆ ಬರಲಿಲ್ಲ? ನಾನು ಅಳೆಯುವಾಗ ಎಲ್ಲರ ತಲೆಯನ್ನೂ ಎರಡು ಕೈಯಲ್ಲಿ ಹಿಡಿದು ಒಂದು ಸಲ ಕೂರಿಸುತ್ತೇನೆ. ಕೈಗೆ ಅಂಟಿದ ಅಭ್ಯಾಸ, ಮಾಡುತ್ತಿದ್ದೇನೆ ಅಂತ ನನಗೂ ಗೊತ್ತಿರಲಿಲ್ಲ. ಸೆಂಟರಿನಲ್ಲಿ ಜನಸಂದಣಿ, ಯಾರೂ ತಲೆ ಹಿಡಿದಿರಲಿಲ್ಲ. ಯಂತ್ರ ತನ್ನ ಮುಂದೆ ಬಂದದ್ದನ್ನು ಪ್ರಾಮಾಣಿಕವಾಗಿ ಅಳೆದಿತ್ತು.

ಆದರೆ ತಲೆ ಓರೆ ಅಂದ ಕೂಡಲೇ ಫೋನಿನ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಹುಟ್ಟಿನಿಂದ ನಾಲ್ಕನೆಯ ನರ ಸೋತಿರುವವರೂ ಹೀಗೇ ತಲೆ ವಾಲಿಸುತ್ತಾರೆ. ಆ ನರ ಕಣ್ಣಿನ ಒಂದು ಸ್ನಾಯುವನ್ನು ಆಡಿಸುತ್ತದೆ. ಅದು ಸೋತರೆ ಒಂದು ಕಣ್ಣು ಮೇಲೇರುತ್ತದೆ, ತಲೆ ವಾಲಿಸಿ ಎರಡೂ ಚಿತ್ರವನ್ನು ಒಂದು ಮಾಡಿಕೊಳ್ಳುತ್ತಾರೆ. ಅಂಥವರಿಗೆ ಪೊರೆ ತೆಗೆದು ಎರಡೂ ಕಣ್ಣು ಚೆನ್ನಾಗಿ ಕಾಣತೊಡಗಿದ ಮೇಲೆ ಒಂದು ಎರಡಾಗಿ ಕಾಣುವ ತೊಂದರೆ ಬರಬಹುದು. ಆಪರೇಶನ್ ಚೆನ್ನಾಗಿ ಆಗಿರುತ್ತದೆ, ಪೇಶಂಟ್ ಸಿಟ್ಟಾಗಿರುತ್ತಾರೆ.

ಹಾಗಾಗಿ ಕವರ್ ಟೆಸ್ಟ್ ಮಾಡಿದೆ. ಒಂದು ಕಣ್ಣು ಮುಚ್ಚಿ ಇನ್ನೊಂದು ಅಲುಗುತ್ತದಾ ಅಂತ ನೋಡುವುದು. ತಲೆ ನೆಟ್ಟಗಿಟ್ಟು, ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ. ಯಾವ ಕಣ್ಣೂ ಮೇಲೆ ಕೆಳಗೆ ಹೋಗಲಿಲ್ಲ. ಆಮೇಲೆ ಹಳೆಯ ಫೋಟೋ ಕೇಳಿದೆ. ಮಗಳ ಮೊಬೈಲಿನಲ್ಲಿ ಅಪ್ಪ ಅಮ್ಮನ ಮದುವೆಯ ಕಪ್ಪುಬಿಳಿ ಫೋಟೋ ಇತ್ತು. ಬಾಸಿಂಗದ ಕೆಳಗೆ ಎರಡು ಹುಬ್ಬೂ ಒಂದೇ ಮಟ್ಟ. ಹೋಟೆಲಿನ ಬೆಳ್ಳಿಹಬ್ಬದ ಫೋಟೋದಲ್ಲಿ ತಲೆ ಎಡಕ್ಕೆ. ಹುಟ್ಟಿದ ದೋಷ ಅಲ್ಲ, ಗಳಿಸಿದ್ದು.

ಮೆಡಿಕಲ್ ಸ್ಟೋರಿನ ಡ್ರಾಪ್ಸ್

ಇನ್ನು ಬಲಗಣ್ಣಿನ 12. ಬಯೋಮೀಟರಿನಲ್ಲಿ ಪ್ರಿಂಟ್ ಆಗುವುದು ಒಂದೇ ಅಂಕೆ, ಆದರೆ ಒಳಗೆ ಒಂದೊಂದು ಸಲದ ಅಳತೆಯೂ ಇರುತ್ತದೆ. ತೆಗೆದು ನೋಡಿದೆ. 5, 12, 19. ಸಿಲಿಂಡರ್ ಕೂಡ 1.2ರಿಂದ 1.9ರವರೆಗೆ ಓಡಾಡಿತ್ತು. ಎಡಗಣ್ಣಿನಲ್ಲಿ ಮೂರೂ ಸಲ 170, 171, 171. ಪ್ರಿಂಟನ್ನಷ್ಟೇ ನೋಡಿ ಫೈಲಿಗೆ ಹಾಕಿದ್ದು ನನ್ನ ತಪ್ಪು. ಯಂತ್ರ ಪಕ್ಕದಲ್ಲಿ ಎಚ್ಚರಿಕೆಯ ಗುರುತನ್ನೂ ಹಾಕಿತ್ತು.

ಹೀಗೆ ಓಡಾಡಿದರೆ ಮೊದಲು ನೋಡಬೇಕಾದ್ದು ಕಣ್ಣೀರು. ಈ ಯಂತ್ರಗಳು ಕಾರ್ನಿಯಾವನ್ನು ನೋಡುತ್ತೇವೆ ಅಂದುಕೊಂಡರೂ ಚುಕ್ಕೆ ಮರಳುವುದು ಅದರ ಮೇಲಿನ ಕಣ್ಣೀರಿನ ತೆಳು ಪದರದಿಂದ. ಪದರ ಹರಿದಿದ್ದರೆ ಚುಕ್ಕೆ ಅಂಕುಡೊಂಕಾಗುತ್ತದೆ. ಕೆರೆ ಅಲುಗಿದಾಗ ಅದರಲ್ಲಿ ಕಾಣುವ ತೆಂಗಿನಮರದ ಹಾಗೆ. ಹಳದಿ ಬಣ್ಣದ ಫ್ಲೋರೆಸಿನ್ ಹಾಕಿ, ನೀಲಿ ಬೆಳಕಿನಲ್ಲಿ ನೋಡುತ್ತಾ ಎಣಿಸಿದೆ. ಎಡಗಣ್ಣಿನಲ್ಲಿ ಒಂಬತ್ತು ಸೆಕೆಂಡ್ ಪದರ ಹಾಗೇ ಇತ್ತು. ಬಲಗಣ್ಣಿನಲ್ಲಿ ಮೂರು ಎಣಿಸುವಷ್ಟರಲ್ಲಿ ಕಪ್ಪು ಕಲೆ ಬಿತ್ತು.

"ಬಲಗಣ್ಣಿಗೆ ಏನಾದರೂ ಹಾಕ್ತೀರಾ?"

ಶೆಟ್ರು ಜೇಬಿನಿಂದ ಸಣ್ಣ ಬಾಟಲಿ ತೆಗೆದರು. ಮಂಜು ಅಂತ ಹೇಳಿದ್ದಕ್ಕೆ ಮೆಡಿಕಲ್ ಸ್ಟೋರಿನವನು ಕೊಟ್ಟದ್ದಂತೆ. ಮಂಜು ಇದ್ದದ್ದು ಬಲಕ್ಕೆ, ಹಾಗಾಗಿ ಬಲಕ್ಕೆ ಮಾತ್ರ, ದಿನಕ್ಕೆ ಐದಾರು ಸಲ, ಆರು ತಿಂಗಳು. ಲೇಬಲ್ಲಿನ ಸಣ್ಣ ಅಕ್ಷರದಲ್ಲಿ ಬೆನ್‌ಝಾಲ್ಕೋನಿಯಂ ಕ್ಲೋರೈಡ್ ಅಂತ ಇತ್ತು. ಅದು ಬಾಟಲಿ ಕೆಡದಂತೆ ಹಾಕುವ ಪದಾರ್ಥ. ಬಹಳ ದಿನ ಮತ್ತೆ ಮತ್ತೆ ಹಾಕಿದರೆ ಕಣ್ಣೀರಿನ ಪದರವನ್ನು ಹಾಳು ಮಾಡುತ್ತದೆ. ಮೊದಲ ದಿನ ನಾನು "ಯಾವ ಔಷಧಿ ತಗೋತೀರಿ?" ಅಂತ ಕೇಳಿದ್ದೆ. ಅವರು ಬಿಪಿ ಮಾತ್ರೆ ಹೇಳಿದ್ದರು. ಡ್ರಾಪ್ಸ್ ಅವರ ಲೆಕ್ಕದಲ್ಲಿ ಔಷಧಿ ಅಲ್ಲ. ಈಗ ನಾನು "ಕಣ್ಣಿಗೆ ಏನು ಬಿಡ್ತೀರಿ, ಬಾಟಲಿ ತೋರಿಸಿ" ಅಂತಲೇ ಕೇಳುತ್ತೇನೆ.

ಮೇಡಮ್ ಆ ಬಾಟಲಿ ನಿಲ್ಲಿಸಿದರು. ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಡ್ರಾಪ್ಸ್, ದಿನಕ್ಕೆ ಎರಡು ಸಲ ರೆಪ್ಪೆಗೆ ಬಿಸಿಬಟ್ಟೆಯ ಶಾಖ. ಎರಡು ವಾರ. ಇನ್ನೊಂದು ಕಟ್ಟಳೆಯನ್ನೂ ಗೋಡೆಗೆ ಅಂಟಿಸಿದೆವು: ಬಯೋಮೀಟರಿನ ಅಳತೆ ಮೊದಲು, ಕಣ್ಣು ಮುಟ್ಟುವ ಎಲ್ಲ ಪರೀಕ್ಷೆ ಆಮೇಲೆ. ಕಣ್ಣಿನ ಪ್ರೆಷರ್ ನೋಡಲು ಮರಗಟ್ಟಿಸುವ ಡ್ರಾಪ್ಸ್ ಹಾಕಿ ಕಾರ್ನಿಯಾಕ್ಕೆ ಪ್ರಿಸಮ್ ತಾಗಿಸಿದ ಮೇಲೆ ಬಾಗು ಅಳೆಯುವುದು, ರಂಗೋಲಿ ತುಳಿದು ಆಮೇಲೆ ಫೋಟೋ ತೆಗೆದಂತೆ.

ಎರಡು ವಾರದ ಮೇಲೆ ಬಯೋಮೀಟರಿನ ಬಲಗಣ್ಣು: 2, 3, 4. ಸಿಲಿಂಡರ್ 1.80. ಠಾಣೆಗೆ ಮಗಳು ಜೊತೆಗೆ ಹೋಗಿ ಅಪ್ಪನ ತಲೆ ಹಿಡಿದುಕೊಂಡು ನಿಂತಳು. ಈ ಸಲ ಬಲ 2, ಎಡ 171. ಹಿಂಭಾಗ ಸೇರಿಸಿ ಬಲಗಣ್ಣಿನ ಒಟ್ಟು ಸಿಲಿಂಡರ್ 2.1. ಮೂರೂ ಯಂತ್ರ ಒಂದೇ ಮಾತಿಗೆ ಬಂದವು. ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ಗ್ರಹಾಂ ಬ್ಯಾರೆಟ್ ಅವರ ಟೋರಿಕ್ ಕ್ಯಾಲ್ಕುಲೇಟರಿಗೆ ಹಾಕಿದೆವು. ಲೆನ್ಸಿನ ಮೇಲೆ 3.00 ಸಿಲಿಂಡರ್, ಕಾರ್ನಿಯಾ ಮಟ್ಟದಲ್ಲಿ ಅದು ಸುಮಾರು 2. ಕೂರಿಸಬೇಕಾದ ದಿಕ್ಕು 2 ಡಿಗ್ರಿ.

ಮಲಗಿದರೆ ಕಣ್ಣು ತಿರುಗುತ್ತದೆ

ಅಳತೆ ಸರಿಯಾದರೆ ಅರ್ಧ ಕೆಲಸ. ಕೂತಾಗ ಅಳೆದದ್ದನ್ನು ಮಲಗಿದಾಗ ಹುಡುಕಬೇಕು. ಮನುಷ್ಯ ಅಂಗಾತ ಮಲಗಿದರೆ ಕಣ್ಣು ತನ್ನ ಅಕ್ಷದ ಸುತ್ತ ಸ್ವಲ್ಪ ತಿರುಗುತ್ತದೆ. ಹೆಚ್ಚಿನವರಲ್ಲಿ 2ರಿಂದ 4 ಡಿಗ್ರಿ, ಕೆಲವರಲ್ಲಿ ಹತ್ತು ದಾಟುತ್ತದೆ. ಅದಕ್ಕೇ ಆಪರೇಶನ್ ಟೇಬಲ್ ಹತ್ತುವ ಮೊದಲು, ಕೂತಿರುವಾಗಲೇ, ಕರಿಗುಡ್ಡೆಯ ಅಂಚಿನಲ್ಲಿ ಶಾಯಿಯ ಚುಕ್ಕೆ ಇಡುತ್ತಾರೆ.

ಇಲ್ಲೂ ಸಲಕರಣೆಗಳ ಹೋಲಿಕೆ ಇದೆ. ಲೋಲಕದಂತೆ ತೂಗಿ ತಾನೇ ನೆಟ್ಟಗಾಗುವ ಮಾರ್ಕರ್, ಗುಳ್ಳೆ ಇರುವ ಮಾರ್ಕರ್ (ಗಾರೆಯವರ ಮಟ್ಟದ ಕೊಳವೆಯಲ್ಲಿ ಇರುತ್ತದಲ್ಲ, ಅಂಥ ಗುಳ್ಳೆ), ಕಣ್ಣಿನ ಪ್ರೆಷರ್ ನೋಡುವ ಟೋನೋಮೀಟರಿಗೆ ಸಿಕ್ಕಿಸುವ ಮಾರ್ಕರ್, ಸ್ಲಿಟ್ ಲ್ಯಾಂಪಿನ ತೆಳು ಬೆಳಕಿನ ಗೆರೆ. ಈ ನಾಲ್ಕನ್ನೂ ಹೋಲಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಲೋಲಕದ ಮಾರ್ಕರ್ ಸರಾಸರಿ 1.8 ಡಿಗ್ರಿ ತಪ್ಪಿತು, ಸ್ಲಿಟ್ ಲ್ಯಾಂಪ್ 2.3, ಗುಳ್ಳೆ 2.9, ಟೋನೋಮೀಟರಿನದು 4.7. ದುಬಾರಿ ದಾರಿಯೂ ಇದೆ. ಜೈಸ್‌ನ ಕ್ಯಾಲಿಸ್ಟೋ, ಆಲ್ಕಾನ್‌ನ ವೇರಿಯಾನ್ ಮುಂತಾದವು ಕೂತಾಗ ಕಣ್ಣಿನ ಫೋಟೋ ತೆಗೆದು, ಬಿಳಿಗುಡ್ಡೆಯ ರಕ್ತನಾಳಗಳನ್ನು ಗುರುತಿಟ್ಟುಕೊಂಡು, ಆಪರೇಶನ್ ಮೈಕ್ರೋಸ್ಕೋಪಿನಲ್ಲಿ ಗೆರೆ ಮೂಡಿಸುತ್ತವೆ. ಶಾಯಿಯೇ ಬೇಡ. ಅಳೆದ ಯಂತ್ರವೇ ಅದೇ ಕ್ಷಣದಲ್ಲಿ ಫೋಟೋವನ್ನೂ ತೆಗೆದರೆ ತಲೆ ಓರೆಯಿದ್ದರೂ ನಡೆಯುತ್ತದೆ, ಯಾಕೆಂದರೆ ಲೆಕ್ಕ ತಲೆಯಿಂದಲ್ಲ, ಕಣ್ಣಿನ ನಾಳದಿಂದ. ಅಂಥದ್ದು ನಮ್ಮಲ್ಲಿಲ್ಲ. ಇದ್ದಿದ್ದರೂ ಬೇರೆ ಸೆಂಟರಿನ ಅಳತೆಯನ್ನು ಕೈಯಲ್ಲಿ ಬರೆದು ಹಾಕಿದ್ದರೆ ಆ ಗೆರೆಯೂ ಶೆಟ್ರ ಕಣ್ಣಿನಲ್ಲಿ 173ಕ್ಕೇ ಮೂಡುತ್ತಿತ್ತು.

ಒಂದು ವಿಚಿತ್ರ ಹೇಳಿಬಿಡುತ್ತೇನೆ. ತಲೆ ಹತ್ತು ಡಿಗ್ರಿ ಓರೆಯಿಟ್ಟು ಅಳೆದು, ಅಷ್ಟೇ ಓರೆಯಿಟ್ಟು ಚುಕ್ಕೆ ಇಟ್ಟಿದ್ದರೆ ಎರಡು ತಪ್ಪೂ ಸೇರಿ ಲೆನ್ಸ್ ಸರಿಯಾಗಿಯೇ ಕೂರುತ್ತಿತ್ತು. ಎಷ್ಟೋ ಕಡೆ ಹೀಗೆ ಗೊತ್ತಿಲ್ಲದೆ ಬಚಾವಾಗಿರಬಹುದು. ನಮ್ಮಲ್ಲಿ ಮೇಡಮ್ ತಲೆಯನ್ನು ನೆಟ್ಟಗಿಟ್ಟು ಚುಕ್ಕೆ ಇಡುವವರು. 173 ನಂಬಿದ್ದರೆ ಲೆನ್ಸು 9 ಡಿಗ್ರಿ ತಪ್ಪಿ, 0.6 ಡಯಾಪ್ಟರಿನಷ್ಟು ಸಿಲಿಂಡರ್ ಉಳಿಯುತ್ತಿತ್ತು. ಅಷ್ಟು ದುಡ್ಡು ಕೊಟ್ಟ ಮೇಲೆ ಟೀವಿಯ ಅಕ್ಷರಕ್ಕೆ ನೆರಳು.

ಆಪರೇಶನ್ ದಿನ ಶೆಟ್ರನ್ನು ಸ್ಲಿಟ್ ಲ್ಯಾಂಪಿನಲ್ಲಿ ಕೂರಿಸಿ ಎರಡೂ ಹೊರಮೂಲೆಯನ್ನು ಗೆರೆಗೆ ತಂದೆ. ಎರಡೂ ಕಣ್ಣು ತೆರೆದು ದೂರ ನೋಡಲು ಹೇಳಿದೆ. ಮೇಡಮ್ ಬೆಳಕನ್ನು ಕೂದಲಿನಷ್ಟು ತೆಳ್ಳಗೆ ಮಾಡಿ, ಅಡ್ಡ ತಿರುಗಿಸಿ, ಎರಡು ಅಂಚಿಗೂ ಚುಕ್ಕೆ ಇಟ್ಟರು. ಆಮೇಲೆ ಬ್ಯಾರೆಟ್ ಅವರೇ ಉಚಿತವಾಗಿ ಕೊಟ್ಟಿರುವ ಟೋರಿಕ್ಯಾಮ್ ಎಂಬ ಫೋನ್ ಆ್ಯಪಿನಲ್ಲಿ ಫೋಟೋ ತೆಗೆದೆ. ಸೊನ್ನೆಯಲ್ಲಿ ಇರಬೇಕಾದ ಚುಕ್ಕೆ 2ರಲ್ಲಿತ್ತು. ಅಳಿಸಿ ಮತ್ತೆ ಇಡಬೇಕಾಗಿಲ್ಲ, 2 ಅಂತ ಬರೆದುಕೊಂಡರೆ ಸಾಕು. ಕಾಕತಾಳೀಯ ಅಂದರೆ ಲೆನ್ಸಿನ ದಿಕ್ಕೂ 2. ಮೇಡಮ್ ನಕ್ಕು, ಹಾಗಾದರೆ ಚುಕ್ಕೆಯ ಮೇಲೇ ಕೂರಿಸುತ್ತೇನೆ ಅಂದರು.

ಹಾಗೇ ಆಯಿತು. ಆಪರೇಶನ್ನಿಗಾಗಿ ಕಣ್ಣೊಳಗೆ ತುಂಬಿದ್ದ ಜೆಲ್ಲನ್ನು, ಲೆನ್ಸಿನ ಹಿಂದಿನದನ್ನೂ ಬಿಡದೆ, ಪೂರ್ತಿ ತೊಳೆದು ತೆಗೆಯಲು ಅವರು ಇನ್ನಷ್ಟು ಹೊತ್ತು ಕೊಟ್ಟರು. ಜೆಲ್ ಉಳಿದರೆ ಲೆನ್ಸು ಜಾರುತ್ತದೆ, ಜಾರುವುದೂ ಹೆಚ್ಚಾಗಿ ಮೊದಲ ದಿನದೊಳಗೇ.

ಆಮೇಲೆ

ಮಾರನೇ ದಿನ ಕಣ್ಣಿನ ಪಾಪೆ ಹಿಗ್ಗಿಸಿ ಲೆನ್ಸಿನ ಮೇಲಿನ ಗುರುತು ನೋಡಿದೆವು. 5 ಡಿಗ್ರಿ. ಬಯಸಿದ್ದಕ್ಕಿಂತ ಮೂರು ಆಚೆ. ಒಂದು ತಿಂಗಳ ಮೇಲೂ ಅಲ್ಲೇ ಇತ್ತು. ಕನ್ನಡಕ ಇಲ್ಲದೆ ದೂರಕ್ಕೆ 6/6ರ ಸಾಲಿನಲ್ಲಿ ಒಂದಕ್ಷರ ಬಿಟ್ಟು ಎಲ್ಲ ಓದಿದರು. ಉಳಿದ ಸಿಲಿಂಡರ್ 0.25. ಓದಲು ಕನ್ನಡಕ ಬೇಕು, ಅದನ್ನು ಮೊದಲೇ ಹೇಳಿದ್ದೆವು.

"ಇನ್ನೂರರ ನೋಟು ಈಗ ಹಳದಿ ಕಾಣ್ತದೆ ಮಾರಾಯ್ತಿ. ಮೊದಲು ಎಲ್ಲ ನೋಟೂ ಒಂದೇ ಬಣ್ಣ."

ಈ ಕೇಸಿನ ನಂತರ ನಮ್ಮ ಕ್ಲಿನಿಕ್ಕು ಹೊಸ ಯಂತ್ರ ಕೊಳ್ಳಲಿಲ್ಲ. ಕೊಳ್ಳುವ ಮಾತು ಬಂದಿತ್ತು, ಕಂಪನಿಯವರು ಡೆಮೋ ಕೊಡಲೂ ತಯಾರಿದ್ದರು. ನನ್ನ ಹಟಕ್ಕೆ ಮೂರು ಚಿಲ್ಲರೆ ಬದಲಾವಣೆ ಆಯಿತು. ಯಂತ್ರದ ಕಂಬದ ಮೇಲೆ ಮಾಸಿಹೋಗಿದ್ದ ಗೆರೆಗೆ ಕೆಂಪು ನೇಲ್ ಪಾಲಿಶ್ ಹಚ್ಚಿದೆ. ಎರಡೂ ಕಣ್ಣಿನ ಆ್ಯಕ್ಸಿಸನ್ನು ಅಕ್ಕಪಕ್ಕ ಬರೆಯದೆ ಫೈಲ್ ಮುಂದೆ ಹೋಗುವುದಿಲ್ಲ. ಹೊರಗೆ ಕಳಿಸುವ ಚೀಟಿಯಲ್ಲಿ ತಲೆ ಹಿಡಿದು ಅಳೆಯಿರಿ ಅಂತ ಮರಾಠಿಯಲ್ಲಿ ಬರೆಯುತ್ತೇನೆ.

ಎರಡು ತಿಂಗಳ ಮೇಲೆ ಎಡಗಣ್ಣಿನ ಸರದಿ. ಶೆಟ್ರು ಪಾಸ್‌ಪೋರ್ಟ್ ಫೋಟೋಗೆ ಕೂತ ಹುಡುಗನ ಹಾಗೆ ಬೆನ್ನು ಸೆಟೆದು ಬಯೋಮೀಟರಿಗೆ ಗಲ್ಲ ಇಟ್ಟರು. ಹೊರಮೂಲೆ ಎರಡೂ ಕೆಂಪು ಗೆರೆಯ ಮೇಲೆ. ನಾನು ಬಟನ್ ಒತ್ತಬೇಕು, ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು. ಕೈ ಫೋನಿಗೆ ಹೋಗಲಿಲ್ಲ, ಆದರೆ ಎಡ ಭುಜ ಮೆಲ್ಲಗೆ ಮೇಲೆದ್ದಿತು, ತಲೆ ಅದರ ಕಡೆ ಹೊರಟಿತು.

"ಅಪ್ಪಾ!" ಅಂದಳು ಮಗಳು, ಜೇಬಿಗೆ ಕೈ ಹಾಕಿ ಫೋನು ಕಿತ್ತುಕೊಳ್ಳುತ್ತಾ.

ಭುಜ ಇಳಿಯಿತು. ಅಳತೆ ಬಂತು, 171.